ಅಲಗು ಯಾರ ಕೈಯಲ್ಲಿ?

ಮೀಸೆ ಚಿಗುರುವ ವಯಸ್ಸು ಸಾಮಾನ್ಯವಾಗಿ ಮನೆಯವರಿಗೆ ನಗೆಯ ವಿಷಯ. ಹುಕ್ಕೇರಿಯಲ್ಲಿರುವ ನನ್ನ ತಂಗಿಗೆ ಮಾತ್ರ ಅದು ಭಯದ ವಿಷಯವಾಗಿತ್ತು. ಅವಳ ಹದಿನಾರರ ಮಗ ಕೆಲವು ತಿಂಗಳಿಂದ ಮಂಕಾಗಿದ್ದ. ವೈದ್ಯರ ಉಪಚಾರ ನಡೆದಿತ್ತು. ಮನೆಯೊಳಗಿನ ಬ್ಲೇಡುಗಳನ್ನೆಲ್ಲ ಎತ್ತಿಡಬೇಕೆಂದು ಅವರು ಹೇಳಿದ್ದರು. ಆದರೆ ಗಡ್ಡ ಬೆಳೆಯುವದು ನಿಲ್ಲುವದೇ? “ಎಲ್ಲಾರೂ ನಗತಾರ ಮಾಮಾ” ಎಂದು ಹುಡುಗ ಕಾಲೇಜಿಗೆ ಹೋಗಲು ಒಲ್ಲೆನೆಂದ. ಏನು ಕೊಡಿಸಲಿ ಎಂದು ತಂಗಿ ಕೇಳಿದಳು. ಇತಿಹಾಸದ ಮಾಸ್ತರನಾದ ನಾನು ಪುಸ್ತಕಗಳ ಕಡೆಗೆ ತಿರುಗಿದೆ.

ವಿಚಾರಿಸಿ ನೋಡಿದರೆ, ಕ್ಷೌರದ ಇತಿಹಾಸವೆಂಬುದು ಅಲಗು ಯಾರ ಕೈಯಲ್ಲಿರಬೇಕು ಎಂಬುದರ ಇತಿಹಾಸವೇ. ನಮ್ಮಲ್ಲಿ ಶತಮಾನಗಳ ಕಾಲ ಅದು ಇನ್ನೊಬ್ಬರ ಕೈಯಲ್ಲಿತ್ತು. ಆಗ ಗೋಕಾಕ ತಾಲೂಕಿಗೆ ಸೇರಿದ್ದ ಮೂಡಲಗಿಯಲ್ಲಿ, ಹಡಪ ಹಿಡಿದು ಮನೆಗೆ ಬರುತ್ತಿದ್ದವರ ಎದುರು ಕಟ್ಟೆಯ ಮೇಲೆ ಕುಳಿತು ನನ್ನ ಅಜ್ಜ ಕಣ್ಣು ಮುಚ್ಚಿ ಗಲ್ಲ ಒಡ್ಡುತ್ತಿದ್ದರು. ಸುಗ್ಗಿಯಲ್ಲಿ ಕಾಳು ಕೊಟ್ಟು ತೀರಿಸುವ ಋಣ ಅದು. ಅದರ ಬುಡದಲ್ಲಿದ್ದುದು ವಿಶ್ವಾಸ. 12ನೆಯ ಶತಮಾನದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರಾಗಿದ್ದುದನ್ನು ನಾವೆಲ್ಲ ಬಲ್ಲೆವು.

18ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪೆರೆ ಎಂಬ ಕತ್ತಿಗಾರ ಕ್ಷೌರದ ಕತ್ತಿಗೆ ಕಟ್ಟಿಗೆಯ ಕಾಪು ತೊಡಿಸಿದ. 1904ರಲ್ಲಿ ಅಮೇರಿಕೆಯ ಜಿಲೆಟ್ ತೆಳು ಬ್ಲೇಡಿನ ಸಾಧನಕ್ಕೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಅಮೇರಿಕೆಯ ಸೈನಿಕರಿಗೆ ಸುಮಾರು 35 ಲಕ್ಷ ರೇಜರುಗಳು ಹಂಚಿಕೆಯಾದವು. ಹೀಗೆ ಅಲಗು ಪ್ರತಿಯೊಬ್ಬನ ಸ್ವಂತ ಕೈಗೆ ಬಂತು. ‘ಸೇಫ್ಟಿ ರೇಜರ್’ ಎಂಬ ಹೆಸರೇನೋ ಸರಿಯೇ. ಆದರೆ ಅದು ಕಾಯುವದು ಜಾರುವ ಕೈಯನ್ನು, ನೊಂದ ಮನಸ್ಸನ್ನಲ್ಲ.

ಮೂರನೆಯ ಹೆಜ್ಜೆ 1931ರದು. ಜೇಕಬ್ ಶಿಕ್ ಎಂಬ ಮಾಜಿ ಸೈನಿಕ ವಿದ್ಯುತ್ ಕ್ಷೌರಯಂತ್ರವನ್ನು ಪೇಟೆಗೆ ತಂದ. ಇಂಥ ಯಂತ್ರದಲ್ಲಿ ಅಲಗು ಲೋಹದ ಪರದೆಯ ಹಿಂದೆ ಅಡಗಿರುತ್ತದೆ. ಚರ್ಮಕ್ಕೆ ನೇರವಾಗಿ ತಾಗದು. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸಿನ ಗಿರಣಿ ನಡೆದದ್ದು 1880ರ ದಶಕದಲ್ಲಿಯೇ. ಆದರೆ ಹುಕ್ಕೇರಿಯ ಹಳ್ಳಿಗಳಿಗಾಗಿ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ನನ್ನ ಅಜ್ಜನಿಗೆ ಈ ಯಂತ್ರ ಕನಸಾಗಿಯೇ ಉಳಿಯಿತು.

ವೈದ್ಯರೂ ಒಪ್ಪಿದರು. ಹುಡುಗನನ್ನೇ ಗೋಕಾಕ ಪೇಟೆಗೆ ಕರೆದೊಯ್ದೆ. ಬ್ಯಾಟರಿಯದೊಂದನ್ನು ಅವನೇ ಆರಿಸಿದ. ಹೊರಬರುವಾಗ ತಟ್ಟನೆ ಕೇಳಿದ: “ನನ್ನ ಮ್ಯಾಲ ಭರೋಸೆ ಇಲ್ಲಲಾ ನಿಮಗ?”

“ನಿಮ್ಮ ಮುತ್ತಜ್ಜ ಒಂದ ದಿನಾನೂ ತನ್ನ ಗಡ್ಡ ತಾನ ತಗೊಂಡವರಲ್ಲಪಾ. ಕತ್ತಿ ಇನ್ನೊಬ್ಬರ ಕೈಯಾಗ ಕೊಟ್ಟಿದ್ರು. ಅದರಾಗ ಸೋಲೇನೈತಿ?” ಎಂದೆ. ಅವನು ಉತ್ತರ ಕೊಡಲಿಲ್ಲ; ಆದರೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತ.

ಯಂತ್ರ ಔಷಧವಲ್ಲ ಎಂಬುದನ್ನು ಓದುಗರು ಮರೆಯಬಾರದು. ಉಪಚಾರ ಇಂದಿಗೂ ನಡೆದಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸದ 14416 ಸಂಖ್ಯೆಯನ್ನು ತಂಗಿ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಾಳೆ. ರವಿವಾರ ಬೆಳಿಗ್ಗೆ ನಾನು ಹುಕ್ಕೇರಿಗೆ ಹೋಗುತ್ತೇನೆ. ಯಂತ್ರ ಗುಂಯ್‌ಗುಡುತ್ತಿರುವಾಗ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಒಂದು ವಾರ ತಡವಾದರೆ ಅವನೇ ಫೋನು ಮಾಡುತ್ತಾನೆ.