ಒಂದೇ ಊರು, ಎರಡು ಸುಂಕ

ಶಿವಾಜಿನಗರದ ರಸೆಲ್ ಮಾರ್ಕೆಟ್ ಕಟ್ಟಿದ್ದು 1927ರಲ್ಲಿ. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪೇಟೆ ಮೈಸೂರು ಮಹಾರಾಜರದ್ದು, ಈ ಮಾರ್ಕೆಟ್ ಇರುವ ದಂಡು ಬ್ರಿಟಿಷರದ್ದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ದಂಡನ್ನು ಬಿಡಲಿಲ್ಲ.

ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಒಳಗೆ ಬರುವ ಸರಕಿನ ಮೇಲೆ ಹಾಕುವ ಆಕ್ಟ್ರಾಯ್ ಸುಂಕ ಎರಡಕ್ಕೂ ಆದಾಯ. ಹಳ್ಳಿಯ ಗಾಡಿ ಪೇಟೆಗೆ ಹೋದರೆ ಒಂದು ಲೆಕ್ಕ, ದಂಡಿಗೆ ಬಂದರೆ ಇನ್ನೊಂದು. ಕೊಳ್ಳುವ, ಮಾರುವ ಜನಕ್ಕೆ ಮಾತ್ರ ಎರಡೂ ಒಂದೇ ಊರು.

1947ರಲ್ಲಿ ದಂಡು ಮೈಸೂರಿಗೆ ಸೇರಿತು. 1949ರಲ್ಲಿ ಎರಡೂ ಮುನಿಸಿಪಾಲಿಟಿ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಗಡಿ ಹೋಯಿತು, ಆಕ್ಟ್ರಾಯ್ ಹೋಗಲಿಲ್ಲ. ರಾಜ್ಯದಲ್ಲಿ ಅದು ನಿಂತದ್ದು 1979ರಲ್ಲಿ. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ 2017ರ ಜಿಎಸ್‌ಟಿವರೆಗೂ ಇತ್ತು.