ಬಾಗಿಲು ತೆರೆದರೆ ಸಾಲದು

ನಾನಿರುವ ರಾಮಮೂರ್ತಿ ನಗರದ ಮಗ್ಗುಲಲ್ಲೇ ದೂರವಾಣಿ ನಗರವಿದೆ. 1948ರಲ್ಲಿ ಆರಂಭವಾದ ಟೆಲಿಫೋನ್ ಕಾರ್ಖಾನೆಯಿಂದ ಅದಕ್ಕೆ ಆ ಹೆಸರು ಬಂದಿತು. ಸಂಜೆ ಆ ದಾರಿಯಲ್ಲಿ ನಡೆಯುವಾಗ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ: ವಿಜ್ಞಾನದ ಮನೆಗಳು ಊರಿನಲ್ಲಿ ಎದ್ದು ನಿಂತ ಮಾತ್ರಕ್ಕೆ ಊರಿನ ಮಕ್ಕಳೆಲ್ಲ ಒಳಹೊಕ್ಕರೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪಿತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಆದರೆ ಉನ್ನತ ವಿದ್ಯೆಯೂ ಸರ್ಕಾರಿ ಹುದ್ದೆಗಳೂ ಬಹುಮಟ್ಟಿಗೆ ಒಂದೇ ಸಮುದಾಯದವರ ಪಾಲಾಗಿದ್ದವು. ಹಿಂದುಳಿದವರ ಮೊರೆಯನ್ನು ಆಲಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. 1919ರಲ್ಲಿ ವರದಿ ಬಂದಿತು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು.

ಯೋಗ್ಯತೆಯೊಂದೇ ಅಳತೆಯಾಗಬೇಕೆಂಬ ದಿವಾನ್ ವಿಶ್ವೇಶ್ವರಯ್ಯನವರ ನಿಲುವನ್ನು ಹಗುರವಾಗಿ ಕಾಣಲಾಗದು. ಆದರೆ ಯೋಗ್ಯತೆ ಬೆಳೆಯುವುದಕ್ಕೂ ಅನ್ನ, ವಸತಿ, ಪುಸ್ತಕಗಳು ಬೇಕಷ್ಟೆ? ಸಮಿತಿ ಇದನ್ನು ಮನಗಂಡಿತು. ಹುದ್ದೆಗಳಲ್ಲಿ ಪಾಲು ಕೊಡುವುದರೊಡನೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಅಗತ್ಯವನ್ನೂ ಎತ್ತಿ ಹೇಳಿತು.

ಹೆಣ್ಣುಮಕ್ಕಳ ದಾರಿ ಇನ್ನೂ ಕಡಿದಾಗಿತ್ತು. ಮುಂಬಯಿಯ ಪದವೀಧರೆ ಕಮಲಾ ಭಾಗವತರು 1933ರಲ್ಲಿ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಮೊದಲ ವರ್ಷ ಪರೀಕ್ಷಾರ್ಥವೆಂಬ ಷರತ್ತಿನ ಮೇಲೆ ಒಳಗೆ ಬಂದು, ತಮ್ಮ ಕೆಲಸದಿಂದಲೇ ರಾಮನ್ನರ ಮನಸ್ಸನ್ನು ತಿರುಗಿಸಿದರು. ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದವರು ಇವರೇ.

ಉಳಿದದ್ದು ಭಾಷೆಯ ಹೊಸ್ತಿಲು. ಮಿಲ್ಲರ್ ಸಮಿತಿ ಕೂಡಿದ ಆ 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆ ಕೊರತೆಯ ಬೆಲೆ ನನಗೆ ತಿಳಿದದ್ದು ತಡವಾಗಿ. ನಾನು ಅಧ್ಯಾಪಕನಾಗಿದ್ದಾಗ, ಕನ್ನಡದಲ್ಲಿ ಓದಿ ಬಂದ ಚುರುಕು ಹುಡುಗನೊಬ್ಬ ಭೌತಶಾಸ್ತ್ರವನ್ನು ಬಿಟ್ಟು ನನ್ನ ತರಗತಿಗೆ ಸೇರಿದ. ಸಾಹಿತ್ಯದ ಒಲವೆಂದು ನಾನು ಹಿಗ್ಗಿದೆ. ವರ್ಷಗಳ ಮೇಲೆ ಅವನೇ ಹೇಳಿದ: “ಪಾಠ ಕಷ್ಟವಾಗಿರಲಿಲ್ಲ ಸಾರ್, ಇಂಗ್ಲಿಷ್ ಕಷ್ಟವಾಗಿತ್ತು.” ಕನ್ನಡಕ್ಕೆ ಒಬ್ಬ ವಿದ್ಯಾರ್ಥಿ ದೊರೆತನೆಂದು ನಾನು ಎಣಿಸಿದ್ದು, ವಾಸ್ತವವಾಗಿ ಕನ್ನಡದ ಬಡತನದಿಂದ ವಿಜ್ಞಾನ ಕಳೆದುಕೊಂಡ ವಿದ್ಯಾರ್ಥಿಯನ್ನು.

ಬಾಗಿಲನ್ನು ಆಜ್ಞೆಯಿಂದ ತೆರೆಯಬಹುದು. ಮೆಟ್ಟಿಲುಗಳನ್ನು ಮಾತ್ರ ಒಂದೊಂದಾಗಿ ಕಟ್ಟಬೇಕು. ಆ ಕೆಲಸದಲ್ಲಿ ಭಾಷೆಯನ್ನು ಕಲಿಸುವ ನಮ್ಮಂಥವರ ಪಾಲೂ ಬಾಕಿಯಿದೆ.