ನಮ್ಮೂರ ಇತಿಹಾಸ ಸರಣಿ: ಹೆಪ್ಪು ಹಾಕಿ ಬೆಳೆಸುವ ಬಿಳಿ ಪುಡಿ

(ಭಾಗ 1)

ಮೊದಲನೇ ಫೋಟೋ ನೋಡ್ರಿ. ದಾರಕ್ಕೆ ಜೋತುಬಿದ್ದಿರೋ ಆ ಕಲ್ಲು ವಜ್ರ ಅಲ್ಲ, ಪಟಿಕ. ಕಟಿಂಗ್ ಅಂಗಡಿಯಲ್ಲಿ ದಾಡಿ ಆದ ಮೇಲೆ ಗಲ್ಲಕ್ಕೆ ಉಜ್ಜತಾರಲ್ಲ, ಅದೇ. ಖಾನಾಪುರದ ನಮ್ಮ ಅಡುಗೆಮನೆಯಲ್ಲಿ ಬೆಳೆಸಿದ್ದು. ಮೊದಲ ಸಲ ಬಿಸಿನೀರಿನಲ್ಲಿ ಪಟಿಕ ಕರಗಿಸಿ, ಅವಸರ ತಡೀಲಾರದೆ ಗ್ಲಾಸನ್ನ ಫ್ರಿಜ್‌ನಲ್ಲಿಟ್ಟೆ. ತಳದಲ್ಲಿ ರವೆಯಂಥ ಪುಡಿ ಬಿತ್ತು, ಅಷ್ಟೇ. ಎರಡನೇ ಸಲ ಆ ಪುಡಿಯಲ್ಲೇ ದೊಡ್ಡದೊಂದು ಚೂರು ಆರಿಸಿ, ದಾರಕ್ಕೆ ಕಟ್ಟಿ ಇಳಿಬಿಟ್ಟು ಒಂದು ವಾರ ಮುಟ್ಟಲಿಲ್ಲ. (ಅವ್ವ ಎರಡು ಸಲ ಚೆಲ್ಲಾಕ ಹೋಗಿದ್ದಳು, ಅದು ಬೇರೆ ಮಾತು.) ಆಗ ಬೆಳೀತು ನೋಡ್ರಿ ಇದು.

'ಪಟಿಕ' ಅನ್ನೋ ಪದ 'ಸ್ಫಟಿಕ'ದಿಂದಲೇ ಬಂದದ್ದು. ಇದರೊಳಗೆ ಅಲ್ಯೂಮಿನಿಯಂ ಐತಿ.

ಬಿಕಾಂ ಓದೋರಿಗೆ ಇದೆಲ್ಲ ಯಾಕ ಅಂತೀರೇನು? ಬೆಳಗಾವಿಯಿಂದ ಕಾಕತಿ ಕಡೆ ಹೋಗುವಾಗ ಯಮನಾಪುರದ ಫ್ಯಾಕ್ಟರಿ ಕಾಣಸ್ತದಲ್ಲ, ಇಂಡಾಲ್ ಅಂತ ಹಿರಿಯರು ಇನ್ನೂ ಕರೀತಾರ. "ಅಲ್ಲಿ ಪಾತ್ರೆಯ ಅಲ್ಯೂಮಿನಿಯಂ ಮಾಡ್ತಾರ" ಅಂತ ಗೆಳತಿ ಹೇಳಿದ್ಲು, ನಾನೂ ಹೂಂ ಅಂದೆ. ಇಬ್ಬರದೂ ತಪ್ಪು. ಈಗ ಅಲ್ಲಿ ಲೋಹ ಕರಗಿಸೋದಿಲ್ಲ. ಅಲ್ಲಿ ಬೆಳೆಯೋದು ಸ್ಫಟಿಕ.

(ಭಾಗ 2)

ಕಥೆ ಶುರುವಾಗೋದು ರಷ್ಯಾದಲ್ಲಿ, ಅದೂ ಬಟ್ಟೆಯಿಂದ. ಹತ್ತಿ ಬಟ್ಟೆಗೆ ಕೆಂಪು ಬಣ್ಣ ಸುಮ್ಮನೆ ಹಾಕಿದರೆ ಒಗೆದಾಗ ಹೋಗಿಬಿಡ್ತದೆ. ನೂಲಿನ ಮೈಮೇಲೆ ಮೊದಲು ಅಲ್ಯೂಮಿನಿಯಂ ಸಂಯುಕ್ತವನ್ನು ಹಿಡಿಸಿದರೆ, ಬಣ್ಣ ಅದನ್ನು ಹಿಡಕೊಂಡು ಕೂತುಬಿಡ್ತದೆ. ಹಿಂದೆ ಬಣ್ಣಗಾರರು ಬಟ್ಟೆಯನ್ನು ಪಟಿಕದ ನೀರಲ್ಲಿ ಅದ್ದತಿದ್ದದ್ದು ಇದಕ್ಕೇ. ಸೇಂಟ್ ಪೀಟರ್ಸ್‌ಬರ್ಗ್‌ನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಈ ಬಣ್ಣದ ಕೆಲಸಕ್ಕೆ ಅಲ್ಯೂಮಿನಾ ತಯಾರಿಸುತ್ತಿದ್ದವನು ಕಾರ್ಲ್ ಜೋಸೆಫ್ ಬಾಯರ್, ಆಸ್ಟ್ರಿಯಾದವನು. (ಮಾತ್ರೆ ಕಂಪನಿಯ ಬಾಯರ್ ಬೇರೆ. ನಾನೂ ಮೊದಲು ಅದೇ ಅಂದ್ಕೊಂಡಿದ್ದೆ.)

ಆಗಿನ ಕಷ್ಟ ಏನಪಾ ಅಂದ್ರ, ದ್ರಾವಣದಿಂದ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಬೇರೆ ಮಾಡಿದರೆ ಅದು ಗಂಜಿಯಂತೆ ಲೋಳೆಲೋಳೆಯಾಗಿ ಬೀಳತಿತ್ತು. ಸೋಸೋಕೂ ಆಗಲ್ಲ, ತೊಳೆಯೋಕೂ ಆಗಲ್ಲ. 1887ರಲ್ಲಿ ಬಾಯರ್ ಕಂಡುಕೊಂಡದ್ದು ಇಷ್ಟೇ: ಕ್ಷಾರದ ದ್ರಾವಣ ತಣಿಯುವಾಗ ಮೊದಲೇ ಮಾಡಿಟ್ಟ ಹೈಡ್ರಾಕ್ಸೈಡಿನ ಹರಳುಗಳನ್ನು ಸ್ವಲ್ಪ ಹಾಕಿ ಕಲಕುತ್ತಾ ಇರಬೇಕು. ಕರಗಿದ್ದೆಲ್ಲ ಆ ಹರಳುಗಳ ಮೈಮೇಲೆ ಪದರಪದರವಾಗಿ ಕೂರ್ತದೆ. ಲೋಳೆ ಇಲ್ಲ, ಸ್ವಚ್ಛ ಬಿಳಿ ಹರಳು. ಹಾಲಿಗೆ ಹೆಪ್ಪು ಹಾಕ್ತೀವಲ್ರಿ, ಹಂಗ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ಕಬ್ಬಿನ ಪಾಕಕ್ಕೆ ಹೀಗೇ ಸಣ್ಣ ಹರಳಿನ ಬೀಜ ಕೊಟ್ಟು ಸಕ್ಕರೆ ಬೆಳೆಸ್ತಾರೆ.

1892ರಲ್ಲಿ ಅವನೇ ಮುಂದಿನ ಹೆಜ್ಜೆ ಇಟ್ಟ. ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಒತ್ತಡ ಕೊಟ್ಟು ಕರಗಿಸೋದು. ಕರಗದ ಕಬ್ಬಿಣ, ಕೆಸರು ಕೆಳಗೆ ಉಳೀತದೆ. ಅಷ್ಟರೊಳಗೆ, 1886ರಲ್ಲೇ, ವಿದ್ಯುತ್ತಿನಿಂದ ಅಲ್ಯೂಮಿನಿಯಂ ಲೋಹ ತೆಗೆಯೋ ದಾರಿ ಹಾಲ್ ಮತ್ತು ಹೆರೂಲ್ಟ್‌ಗೆ ಸಿಕ್ಕಿತ್ತು. ಬಟ್ಟೆಗೆಂದು ಹುಟ್ಟಿದ ಹರಳು ಲೋಹದ ಕಡೆ ಹೊರಳಿತು.

(ಭಾಗ 3)

ನನಗೆ ಇದರಲ್ಲಿ ಹಿಡಿಸಿದ್ದು ಲೆಕ್ಕ. ತೊಟ್ಟಿಯಲ್ಲಿ ಬೆಳೆದ ಹರಳನ್ನೆಲ್ಲ ಮಾರೋ ಹಂಗಿಲ್ಲ. ದೊಡ್ಡ ಪಾಲು ಮುಂದಿನ ತೊಟ್ಟಿಗೆ ಬೀಜವಾಗಿ ವಾಪಸ್ ಹೋಗ್ತದೆ. ನಮ್ಮ ಕ್ಲಾಸಿನ ಭಾಷೆಯಲ್ಲಿ, ಇವತ್ತಿನ ಕ್ಲೋಸಿಂಗ್ ಸ್ಟಾಕೇ ನಾಳೆಯ ಓಪನಿಂಗ್ ಸ್ಟಾಕ್. ಆಸೆಪಟ್ಟು ಎಲ್ಲಾ ಮಾರಿದ್ರ ಮರುದಿನ ತೊಟ್ಟಿ ಖಾಲಿ ನೀರು.

ಬೆಳಗಾವಿಗೆ ಇದು ಬಂದದ್ದು 1960ರ ದಶಕದ ಕೊನೆಗೆ, ಇಂಡಿಯನ್ ಅಲ್ಯೂಮಿನಿಯಂ ಕಂಪನಿಯೊಂದಿಗೆ. ನಮ್ಮ ಸಹ್ಯಾದ್ರಿ ಸೆರಗಿನ ಮಳೆ ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು, ಸಿಲಿಕಾ ಕಳೆದು, ಕಬ್ಬಿಣ-ಅಲ್ಯೂಮಿನಿಯಂ ಉಳಿಸಿದೆ. ಖಾನಾಪುರದ ಮನೆಗೋಡೆಗಳ ಕೆಂಪು ಜಂಬಿಟ್ಟಿಗೆ ಅದರ ಒಂದು ರೂಪ, ಬಾಕ್ಸೈಟ್ ಇನ್ನೊಂದು. ಆಗ ಇಲ್ಲಿ ಲೋಹದ ಘಟಕವೂ ಇತ್ತು. ಆದರೆ ಒಂದು ಕಿಲೋ ಲೋಹಕ್ಕೆ ಇಂದಿನ ಒಳ್ಳೆ ಘಟಕಕ್ಕೂ 13 ಯೂನಿಟ್‌ಗಿಂತ ಹೆಚ್ಚು ಕರೆಂಟ್ ಬೇಕು. ಕರೆಂಟಿನ ಕೊರತೆಯಲ್ಲಿ ಆ ಘಟಕ ಉಳೀಲಿಲ್ಲ. 2000ದಲ್ಲಿ ಕಂಪನಿ ಹಿಂಡಾಲ್ಕೋ ಕೈಗೆ ಹೋಯಿತು. ಹರಳಿನ ತೊಟ್ಟಿಗಳು ಮಾತ್ರ ನಿಲ್ಲಲಿಲ್ಲ. ಇವತ್ತು ಯಮನಾಪುರದ ಹೆಸರು ವಿಶೇಷ ಬಗೆಯ ಅಲ್ಯೂಮಿನಾ ಮತ್ತು ಹೈಡ್ರೇಟ್‌ಗೆ.

(ಭಾಗ 4, ಕೊನೇ ಫೋಟೋ ನನ್ನ ಬೈಕಿನದು)

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ರಿ. ಆ ಬಿಳಿ ಪಿಂಗಾಣಿಯಂಥ ಭಾಗ ಅಲ್ಯೂಮಿನಾ. ವೈರಿನ ಹೊದಿಕೆಯಲ್ಲಿ ಹೈಡ್ರೇಟ್ ಬೆರೆಸಿದ್ದರೆ ಬೆಂಕಿ ಬಿದ್ದಾಗ, ಸುಮಾರು 200 ಡಿಗ್ರಿ ದಾಟುತ್ತಲೇ ಹರಳಿನೊಳಗಿನ ನೀರು ಆವಿಯಾಗಿ ಹೊರಬಂದು ಉರಿ ತಗ್ಗಿಸ್ತದೆ. ಇದೇ ಹೈಡ್ರೇಟನ್ನು ಹದವಾಗಿ ಕಾಯಿಸಿ ನೀರು ಓಡಿಸಿದರೆ ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಆಗ ಒಂದೇ ಗ್ರಾಂ ಪುಡಿಯ ಒಳಮೈ ಬಿಚ್ಚಿ ಹಾಸಿದರೆ 200 ಚದರ ಮೀಟರ್ ದಾಟಬಹುದು. ಅಂದ್ರ ಎರಡು ಮೂವತ್ತು-ನಲವತ್ತು ಸೈಟಿನಷ್ಟು! ಆ ಮೇಲ್ಮೈಗೆ ನೀರಿನ ಫ್ಲೋರೈಡ್ ಅಂಟಿಕೊಳ್ತದೆ. ಪಾವಗಡ, ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಿಂದ ಹಲ್ಲು ಕಂದಾಗಿ, ಮೂಳೆ ಬಾಗಿದವರ ಸುದ್ದಿ ಓದಿರಬೇಕು ನೀವು. ಅಂಥ ನೀರಿಗೆ ಬಳಸುವ ಸೋಸುಕಗಳಲ್ಲಿ ಇದೂ ಒಂದು. ಮೇಲ್ಮೈ ತುಂಬಿದ ಮೇಲೆ ಕ್ಷಾರ ಹಾಕಿ ತೊಳೆದು ಮತ್ತೆ ತಯಾರು ಮಾಡಬೇಕು. ಅದನ್ನ ಮರೆತರೆ ಸೋಸುಕ ಬರೀ ಡಬ್ಬಿ.

ಕೆಂಪು ಕೆಸರಿನ ಮಾತು ಬಿಟ್ಟರೆ ನಾನು ಜಾಹೀರಾತು ಬರೆದಂಗಾಗ್ತದೆ. ಒಂದು ಟನ್ ಅಲ್ಯೂಮಿನಾಕ್ಕೆ ಹೆಚ್ಚುಕಡಿಮೆ ಅಷ್ಟೇ ಅಥವಾ ಇನ್ನೂ ಹೆಚ್ಚು ಕ್ಷಾರದ ಕೆಸರು ಉಳೀತದೆ. 2010ರಲ್ಲಿ ಹಂಗೇರಿಯ ಅಜ್ಕಾದಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು ಹಳ್ಳಿಗಳಿಗೆ ನುಗ್ಗಿ 10 ಜನ ಸತ್ತರು. ಬಾಯರ್‌ನ ಲೆಕ್ಕದಲ್ಲಿ ಬೀಜ ವಾಪಸ್ ಬರ್ತದೆ, ಕೆಸರಿಗೆ ಮಾತ್ರ ವಾಪಸ್ ಹೋಗೋ ಖಾತೆ ಇಲ್ಲ. ಸಿಮೆಂಟಿಗೆ ಸ್ವಲ್ಪ ಬಳಸ್ತಾರೆ, ಉಳಿದದ್ದು ಗುಡ್ಡೆ. ಕಾಸ್ಟಿಂಗ್ ಪೇಪರಿನಲ್ಲಿ ನಮಗೆ 'ವೇಸ್ಟೇಜ್' ಅಂತ ಒಂದೇ ಸಾಲು ಬರಸ್ತಾರೆ ನೋಡ್ರಿ, ಆ ಸಾಲಿನ ಮೇಲೆ ನನಗೆ ಈಗ ಸಿಟ್ಟು.

ದಾರದ ಪಟಿಕವನ್ನ ನಿನ್ನೆ ಮುರಿದು ಐದು ಬೀಜ ಮಾಡೀನಿ. ಬೇಕಾದವರು ಸೋಮವಾರ ಕ್ಯಾಂಟೀನಿಗೆ ಬರ್ರಿ, ಗ್ಲಾಸ್ ನಿಮ್ಮದು. ಫ್ರಿಜ್‌ನಲ್ಲಿ ಮಾತ್ರ ಇಡಬ್ಯಾಡ್ರಿ.